ಟರ್ಬೊ ನುಂಗಿದ ಉಣ್ಣೆ

(ಗ್ಯಾರೇಜು. ಬಾನೆಟ್ ಎತ್ತಿದ ಒಂದು ಸಣ್ಣ ಕಾರು. ಸಂಸಾರ ಸಾಗಿಸಲು ಹುಟ್ಟಿದ ಈ ಬಡಪಾಯಿಗೆ ಗಂಡ ಮಹಾಶಯ ರೇಸ್ ಕಾರಿನ ಟರ್ಬೊ ಕೂರಿಸಿದ್ದಾನೆ. ಗಾಳಿಯನ್ನು ಎಳೆದೆಳೆದು ಎಂಜಿನ್ನಿಗೆ ತುರುಕುವ ಆ ಯಂತ್ರ ಬಂದಾಗಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ನಿನ್ನೆ ಕಾರು ನಡುರಸ್ತೆಯಲ್ಲಿ ಹೊಗೆ ಉಗುಳಿ ನಿಂತುಬಿಟ್ಟಿತು. ಮೆಕ್ಯಾನಿಕ್ ತಲೆಯನ್ನು ಎಂಜಿನ್ನೊಳಗೆ ಇಟ್ಟಿದ್ದಾನೆ. ಹೊರಗಿಡುವುದಕ್ಕಿಂತ ಅದೇ ಕ್ಷೇಮ.)

ಹೆಂಡತಿ: ಇನ್ನೊಂದು ಮಾತು ಬೇಡ. ಟರ್ಬೊ ಬಿಚ್ಚಿಸಿ, ಅಷ್ಟೇ!

ಗಂಡ: ಕೆಟ್ಟಿದ್ದು ಟರ್ಬೊದಿಂದ ಅಲ್ಲ ಕಣೇ. ನೀನು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀಯಲ್ಲ, ಅದರಿಂದ.

ಹೆಂಡತಿ: ಕಾಲನ್ನ ಮತ್ತೆಲ್ಲಿ ಇಡ್ಲಿ, ತಲೆ ಮೇಲಾ?

ಗಂಡ: ನನ್ನ ತಲೆ ಮೇಲೆ ಆಗಲೇ ಇಟ್ಟಾಗಿದೆ.

ಹೆಂಡತಿ: ಸರಿ, ಮೆಕ್ಯಾನಿಕ್ಕೇ ಹೇಳ್ಲಿ. ನನ್ನ ತಪ್ಪಾದ್ರೆ ಟರ್ಬೊ ಇರ್ಲಿ. ನಿಮ್ಮ ತಪ್ಪಾದ್ರೆ ಇವತ್ತೇ ಬಿಚ್ಚೋದು!

ಗಂಡ: ಒಪ್ಪಿದೆ!

ಮೆಕ್ಯಾನಿಕ್ (ತಲೆ ಎತ್ತದೆ): ಸಾರ್... ಎಂಜಿನ್ನಿಗೆ ಕೂದಲು ಬೆಳೆದಿದೆ.

ಗಂಡ: ಏನು?

ಮೆಕ್ಯಾನಿಕ್: ಕೂದಲು ಸಾರ್. ನೀಲಿ ಬಣ್ಣದ್ದು.

ಹೆಂಡತಿ: ನೋಡಿದ್ರಾ! ಎಂಜಿನ್ನಿಗೆ ಅಂತ ಎಲ್ಲೆಲ್ಲಿಂದಲೋ ಎಣ್ಣೆ ತರಿಸಿದ್ರಲ್ಲ, ಅದನ್ನೇ ನಿಮ್ಮ ತಲೆಗೆ ಹಚ್ಕೊಂಡಿದ್ರೆ ಇಷ್ಟೊತ್ತಿಗೆ ಜಡೆ ಹಾಕಬಹುದಿತ್ತು.

(ಗಂಡ ಬೋಳು ತಲೆ ಸವರಿಕೊಂಡ. ತಲೆಯ ವಿಷಯಕ್ಕೆ ಬಂದರೆ ಅವನದು ಸೋತ ಪಕ್ಷ.)

ಗಂಡ: ಯಾವುದೋ ಇಲಿ ಸತ್ತಿರಬೇಕು.

ಮೆಕ್ಯಾನಿಕ್: ನೀಲಿ ಇಲಿನಾ ಸಾರ್?

ಗಂಡ: ಚಳಿಗೆ ನೀಲಿಗಟ್ಟಿರುತ್ತೆ.

ಮೆಕ್ಯಾನಿಕ್: ಕುದಿಯೋ ಎಂಜಿನ್ನಲ್ಲಿ?

(ಮೆಕ್ಯಾನಿಕ್ ಇಕ್ಕಳದಿಂದ ಹಿಡಿದು ಎಳೆದ. ಎಳೆದಷ್ಟೂ ಬಂತು. ಕೈಗೆ ಸುತ್ತಿಕೊಂಡು, ಮೊಣಕೈಗೆ ಸುತ್ತಿಕೊಂಡು, ಕೊನೆಗೆ ಸ್ಟೂಲಿನ ಕಾಲಿಗೂ ಸುತ್ತಿದ.)

ಹೆಂಡತಿ: ನಿಲ್ಲಿ! ಇದು ಉಣ್ಣೆ! ರೀ, ಇದು ನಾನು ಹೆಣೆದುಕೊಟ್ಟ ಸ್ವೆಟರ್! ಲಾಂಡ್ರಿಯವನು ಕಳೆದ ಅಂದ್ರಲ್ಲ? ಪಾಪ, ಆ ಮನುಷ್ಯನಿಗೆ ಬೀದೀಲಿ ನಿಂತು ಉಗಿದು ಬಂದೆ!

ಗಂಡ: ನಿನಗೋಸ್ಕರಾನೇ ಕಣೇ ಮಾಡಿದ್ದು. ಟರ್ಬೊ ಶಿಳ್ಳೆಗೆ ತಲೆನೋವು ಬರುತ್ತೆ ಅಂದೆ. ಗಾಳಿ ಎಳೆಯೋ ಬಾಯಿಗೆ ಸ್ವೆಟರ್ ಸುತ್ತಿ, ತೋಳುಗಳನ್ನ ಹಿಂದೆ ಗಂಟು ಹಾಕಿದೆ. ಎಷ್ಟು ಮುದ್ದಾಗಿ ಕಾಣ್ತಿತ್ತು ಗೊತ್ತಾ!

ಮೆಕ್ಯಾನಿಕ್: ಉಸಿರಾಡೋ ಬಾಯಿಗೆ ಬಟ್ಟೆ ಕಟ್ಟಿದ್ರೆ ಬಟ್ಟೆನೇ ನುಂಗುತ್ತೆ ಸಾರ್. ಟರ್ಬೊ ಫ್ಯಾನಿನ ರೆಕ್ಕೆ ಮುರಿದು, ಚೂರು ಒಳಗೆ ಹೋಗಿ, ಪಿಸ್ಟನ್ ಗೀರಿದೆ. ಎಂಜಿನ್ ಇಳಿಸಿ ಪಿಸ್ಟನ್ ಬದಲಾಯಿಸಬೇಕು. ಫ್ಯಾನೂ ಹೊಸದು ಹಾಕಬೇಕು.

ಹೆಂಡತಿ: ಫ್ಯಾನೂ ಬೇಡ, ಏನೂ ಬೇಡ. ತಪ್ಪು ಯಾರದ್ದು ಅಂತ ಗೊತ್ತಾಯ್ತಲ್ಲ, ಟರ್ಬೊ ಬಿಚ್ಚಿ! ಚಳಿಗಾಲ ಪೂರ್ತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೆಣೆದೆ. ಕಡ್ಡಿ ಹಿಡಿದು ಹಿಡಿದು ಬೆರಳು ಸೆಟೆದುಹೋಗಿತ್ತು!

(ಗಂಡ ಟರ್ಬೊವನ್ನು ಕೊನೆಯ ಸಲ ಎಂಬಂತೆ ಸವರಿದ. ನಿಜಕ್ಕೂ ಅವನ ಕಣ್ಣು ತುಂಬಿತ್ತು. ಮದುವೆಯ ದಿನ ಕೂಡ ಅಷ್ಟು ತುಂಬಿರಲಿಲ್ಲ. ಈ ನಡುವೆ ಮೆಕ್ಯಾನಿಕ್ ಗಂಟು ಬಿಚ್ಚಿ, ಅಳಿದುಳಿದ ಎರಡು ತೋಳುಗಳನ್ನು ಹೊರಗೆಳೆದು ಪಕ್ಕಪಕ್ಕ ಹಿಡಿದ.)

ಮೆಕ್ಯಾನಿಕ್: ಬಲತೋಳು ಉದ್ದ ಇದೆಯಲ್ಲ?

ಗಂಡ: ತೋಳು ಸರಿಯಾಗೇ ಇದೆ ಕಣಯ್ಯಾ. ನನ್ನ ಬಲಗೈನೇ ಗಿಡ್ಡ. ಇವಳೇ ಕಂಡುಹಿಡಿದಿದ್ದು. ಬೆಳೀಲಿ ಅಂತ ದಿನಾ ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ನೇತಾಡಿಸ್ತಾಳೆ.

(ಮೆಕ್ಯಾನಿಕ್ ಕೈ ಒರೆಸಿಕೊಂಡು ಆ ಉದ್ದ ತೋಳನ್ನು ತನ್ನ ಬಲಗೈಗೆ ತೊಟ್ಟ. ಮಣಿಕಟ್ಟಿಗೆ ಸರಿಯಾಗಿ ಬಂದು ಕೂತಿತು.)

ಮೆಕ್ಯಾನಿಕ್: ಸ್ಪ್ಯಾನರ್ ತಿರುಗಿಸಿ ತಿರುಗಿಸಿ ನನ್ನ ಬಲಗೈ ನಾಲ್ಕು ಬೆರಳು ಉದ್ದ ಆಗಿದೆ ಸಾರ್. ನಮ್ಮನೆಯವಳು ಊರವರಿಗೆಲ್ಲ ಸ್ವೆಟರ್ ಹೆಣೆದುಕೊಡ್ತಾಳೆ. ಅಳತೆಗೆ ನಿಲ್ಲಿಸೋದು ನನ್ನನ್ನ.

(ಹೆಂಡತಿ ಗೋಡೆಗೆ ಒರಗಿಸಿದ್ದ ಹಳೇ ಟೈರುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು.)

ಗಂಡ: ಚಳಿಗಾಲ ಪೂರ್ತಿ ನೀನೇ ಹೆಣೆದೆ ಅಂದೆ?

ಹೆಂಡತಿ: ಇವರ ಮನೆಯವರು ಹೆಣೆಯುವಾಗ ನಾನೂ ಪಕ್ಕದಲ್ಲೇ ಕೂತಿದ್ದೆ ಕಣ್ರೀ. ಉಂಡೆ ಹಿಡ್ಕೊಂಡು.

ಗಂಡ: ಮತ್ತೆ ನಾನು ನೇತಾಡಿದ್ದು?

ಹೆಂಡತಿ: ಬೆನ್ನುನೋವು ಹೋಯ್ತಲ್ಲ!

ಮೆಕ್ಯಾನಿಕ್: ಈಗ ಟರ್ಬೊ ಬಿಚ್ಚಲೋ, ಬಿಡಲೋ?

ಗಂಡ (ಎದೆ ಸೆಟೆಸಿ): ಅವಳನ್ನೇ ಕೇಳಪ್ಪ.

ಹೆಂಡತಿ (ಮೆತ್ತಗೆ): ಇರ್ಲಿ ಬಿಡಿ. ಪಾಪ, ನಮ್ಮ ಯಜಮಾನ್ರಿಗೂ ಇರೋದು ಅದೊಂದೇ ಆಸೆ. ಬೇಕಿದ್ರೆ ಅವರಿಗೆ ಇನ್ನೊಂದು ಸ್ವೆಟರ್... ನಾನೇ, ನನ್ನ ಕೈಯಾರೆ...

ಮೆಕ್ಯಾನಿಕ್: ಅಯ್ಯೋ ಬೇಡಮ್ಮಾ! ಎಂಜಿನ್ ಇಳಿಸೋದು ಬಿಟ್ಟು ನಾನು ಮತ್ತೆ ಮನೇಲಿ ಕೈ ಚಾಚ್ಕೊಂಡು ನಿಲ್ಲಬೇಕಾಗುತ್ತೆ!