ಆನೇಕಲ್ಲಿನ ಊಟಿ

ಚಂದಾಪುರದ ಸರ್ಕಲ್ಲಿನಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಟವೇರಾದ ಮುಂದಿನ ಸೀಟಿನಲ್ಲಿ ಕೂತು ಬೇಸರವಾಗಿ ಲೋಕೇಶ್ ಮೇಘತೀರ ರಿಸಾರ್ಟಿಗೊಂದು ಫೋನ್ ಮಾಡಿದ. ರೂಮಿನಲ್ಲಿ ಬಿಸಿನೀರು ಬರುತ್ತದೆಯೇ ಎಂದು ಕೇಳುವುದಷ್ಟೇ ಅವನ ಉದ್ದೇಶ.

“ಈಗ ಎಲ್ಲಿದೀರಾ ಸಾರ್?” ಎಂದಳು ಅವನ ಹೆಸರು ಕೇಳಿಕೊಂಡ ರಿಸೆಪ್ಷನ್ ಹುಡುಗಿ.

“ಚಂದಾಪುರ. ಸಂಜೆ ಹೊತ್ಗೆ ಬಂದ್ಬಿಡ್ತೀವಿ.”

“ಸಂಜೆ ಯಾಕೆ ಸಾರ್? ಆನೇಕಲ್ ರೋಡ್ ಹಿಡೀರಿ, ಅರ್ಧ ಗಂಟೇಲಿ ಇಲ್ಲಿರ್ತೀರಾ.”

“ಅರ್ಧ ಗಂಟೇಲಿ ಊಟಿಗಾ?”

“ಊಟಿ ಬ್ರಾಂಚ್ ಅಲ್ಲ ಸಾರ್. ನಿಮ್ಮ ಬುಕಿಂಗ್ ಇರೋದು ನಮ್ಮ ಆನೇಕಲ್ ಬ್ರಾಂಚಲ್ಲಿ.”

ಲೋಕೇಶನ ಮುಖ ಗಾಳಿ ಬಿಟ್ಟ ಟ್ಯೂಬಿನಂತೆ ಮುದುಡಿತು. ಬೊಮ್ಮಸಂದ್ರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಅವನು, ಊಟದ ಬಿಡುವಿನಲ್ಲಿ ಆಫೀಸಿನ ಕಂಪ್ಯೂಟರಿನ ಮುಂದೆ ಕೂತು, ಏಜೆಂಟರ ಹಂಗಿಲ್ಲದೆ ತಾನೇ ಬುಕ್ ಮಾಡಿದ್ದ. ಊರುಗಳ ಪಟ್ಟಿಯಲ್ಲಿ ಆನೇಕಲ್ಲೂ ಇತ್ತು, ಊಟಿಯೂ ಇತ್ತು. ಬೆರಳು ಎಲ್ಲೋ ಜಾರಿದೆ! ತಕ್ಷಣ ಊಟಿಯ ಬ್ರಾಂಚಿಗೆ ಫೋನ್ ಮಾಡಿದ. ಮೇ ತಿಂಗಳಲ್ಲಿ ರೂಮು ಕೇಳುವವನ ತಲೆ ನೆಟ್ಟಗಿದೆಯೇ ಎಂಬ ಧಾಟಿಯಲ್ಲಿ ಅವರು ನಕ್ಕರು.

ಹಿಂದಿನ ಸೀಟಿನ ಕಡೆ ತಿರುಗಿ ನೋಡುವ ಧೈರ್ಯವೇ ಅವನಿಗೆ ಬರಲಿಲ್ಲ. ಅಲ್ಲಿ ತಾಯಿ ಅಶ್ವತ್ಥಮ್ಮ ಹೊಸ ಸ್ವೆಟರ್ ತೊಟ್ಟು ಕೂತಿದ್ದಳು. ಹಸು ಬಿಟ್ಟು ಹೋಗುವುದು ಹೇಗೆಂದು ಮದುವೆಯಾದಾಗಿನಿಂದ ಒಂದು ರಾತ್ರಿಯೂ ಹೊರಗೆ ಮಲಗದ ಹೆಂಗಸು. ಹೋದ ತಿಂಗಳಷ್ಟೇ ಹಸುಗಳನ್ನು ಮಾರಿದ್ದರು. ಪಕ್ಕದಲ್ಲಿ ತಂದೆ ಚಿಕ್ಕಬೈರಪ್ಪ ಕಣ್ಣು ಮುಚ್ಚಿ ಕೂತಿದ್ದ. ಹೆಂಡತಿ ವನಜಾಳಂತೂ ಊಟಿಗೆ ಹೊರಟಿದ್ದೇವೆಂದು ಇಡೀ ಬೀದಿಗೆ ಹೇಳಿ, ಮಗಳು ವೇಣಿಗೂ ಸ್ವೆಟರ್ ತೊಡಿಸಿ, ಕುಂಬಳಕಾಯಿ ಒಡೆಸಿಕೊಂಡು ಬಂದಿದ್ದಳು.

“ಯಾಕ್ರೀ ಸಾಹೇಬ್ರ, ಮಾರಿ ಬಾಡೇತಲ್ಲ?” ಎಂದ ಡ್ರೈವರ್ ಮಲಕಪ್ಪ. ಅವನು ವಿಜಾಪುರದ ಕಡೆಯವನು, ಲೋಕೇಶನ ಮನೆಯ ಬಾಡಿಗೆದಾರ.

ಲೋಕೇಶ್ ಅವನ ಕಿವಿಯಲ್ಲಿ ವಿಷಯ ಉಸುರಿದ.

“ಅಯ್ಯ! ಊಟಿ ಅಲ್ಲೇನ್ರಿ?” ಎಂದು ಮಲಕಪ್ಪ ಪಿಸುಗುಟ್ಟಿದ. ಅವನ ಪಿಸುಮಾತು ಪಕ್ಕದ ಬಸ್ಸಿನವರಿಗೂ ಕೇಳಿಸುವಂಥದ್ದು. ಪುಣ್ಯಕ್ಕೆ ಅದೇ ಹೊತ್ತಿಗೆ ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಲೋಕೇಶ್ ಆ ಲಾರಿಯವನಿಗೆ ಮನಸ್ಸಿನಲ್ಲೇ ಕೈಮುಗಿದ.

“ಇಲ್ಲೇ ಹತ್ರದಲ್ಲಿ ಒಳ್ಳೆ ಜಾಗ ಇದೆ. ತಿಂಡಿ ತಿಂದ್ಕೊಂಡು ಹೋಗೋಣ,” ಎಂದು ಸುಳ್ಳು ಬಿಟ್ಟ.

ಗಾಡಿ ಆನೇಕಲ್ ರಸ್ತೆಗೆ ತಿರುಗಿತು. “ಊಟಿಗೆ ಈ ಕಡೆಯಿಂದನಾ ಹೋಗೋದು?” ಎಂದಳು ವನಜಾ.

“ಶಾರ್ಟ್‌ಕಟ್ಟು.”

ಎತ್ತರದ ಕಾಂಪೌಂಡು ಗೋಡೆಯ ನಡುವಿನ ದೊಡ್ಡ ಗೇಟಿನ ಮುಂದೆ ಗಾಡಿ ನಿಂತಿತು. ಲೋಕೇಶ್ ಹೆಸರು ಹೇಳಿದ. ಕಾವಲಿನವನು ಸಲ್ಯೂಟ್ ಹೊಡೆದು ಒಳಗೆ ಬಿಟ್ಟ. ಗಾಡಿ ನಿಲ್ಲುವ ಮೊದಲೇ ಚಿಕ್ಕಬೈರಪ್ಪ ಬಾಗಿಲು ತೆಗೆದು ಇಳಿದ. ಯಾರ ಕಡೆಗೂ ನೋಡದೆ ಹುಲ್ಲುಹಾಸಿನ ಮೇಲೆ ನೆಟ್ಟಗೆ ನಡೆದು, ಮೂಲೆಯಲ್ಲಿದ್ದ ಹಳೆಯ ಹುಣಸೆಮರದ ಬೊಡ್ಡೆಗೆ ಅಂಗೈ ಊರಿ ನಿಂತುಬಿಟ್ಟ.

ಆ ಮರ ಲೋಕೇಶನಿಗೂ ಗೊತ್ತು. ವರ್ಷಗಳ ಹಿಂದೆ ಬಾಡಿಗೆ ಮನೆಗಳನ್ನು ಕಟ್ಟಿಸಲೆಂದು ಮಾರಿದ್ದ ಅವರ ರಾಗಿ ಹೊಲ ಇದು. ಮಾರಿದ ಮೇಲೆ ಸುತ್ತ ಗೋಡೆ ಎದ್ದಿತ್ತು. ಗೋಡೆಯ ಹಿಂದೆ ಏನಾಯಿತೆಂದು ಅವನು ಈ ಕಡೆ ತಲೆ ಹಾಕಿ ನೋಡಿರಲಿಲ್ಲ. ರಜೆಗೆಂದು ಅಪ್ಪನನ್ನು ಕರೆದುಕೊಂಡು ಬಂದು ಕಳೆದುಕೊಂಡ ಹೊಲದಲ್ಲಿ ನಿಲ್ಲಿಸಿದೆನಲ್ಲ ಎಂದು ಅವನ ಕಣ್ಣು ತುಂಬಿತು. ಇನ್ನು ಮುಚ್ಚಿಡಲಾಗಲಿಲ್ಲ.

“ತಪ್ಪಾಗೋಯ್ತು. ನಾನು ಊಟಿ ಬದಲು ಆನೇಕಲ್ ಒತ್ಬಿಟ್ಟಿದೀನಿ. ಇದೇ ನಮ್ಮ ರಿಸಾರ್ಟು.”

ವನಜಾ ತನ್ನ ಸ್ವೆಟರನ್ನು ನಿಧಾನವಾಗಿ ಬಿಚ್ಚಿ ಅಚ್ಚುಕಟ್ಟಾಗಿ ಮಡಿಚಿ ಗಂಡನ ಕೈಗಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಅಪ್ಪಾ, ಊಟಿ ನಮ್ಮೂರ ಥರನೇ ಇದೆ,” ಎಂದಳು ವೇಣಿ.

ಅಷ್ಟರಲ್ಲಿ ಕೋಟು ತೊಟ್ಟವನೊಬ್ಬ ತಟ್ಟೆಯಲ್ಲಿ ಕಾಫಿ ತಂದು, ಬಾಗಿ, ಅಶ್ವತ್ಥಮ್ಮನ ಮುಂದೆ ಹಿಡಿದ. ಅವಳು ಬೆತ್ತದ ಕುರ್ಚಿಯ ಅಂಚಿನಲ್ಲಿ ಕೂತು ಒಂದು ಗುಟುಕು ಕುಡಿದಳು.

“ನೀನು ಒಟ್ಟೇಲಿದ್ದಾಗ ಇದೇ ಜಾಗದಲ್ಲಿ ಕಳೆ ಕಿತ್ತಿವ್ನಿ ಕಣಪ್ಪ,” ಎಂದಳು ಮಗನಿಗೆ. “ಒಂದ್ ದಿನಾನೂ ಇಲ್ಲಿ ಕುಂತ್ಕೊಳಕ್ಕೆ ಪುರಸೊತ್ತಿರ್ಲಿಲ್ಲ. ಈವತ್ತು ಕುಂತಿವ್ನಿ. ಊಟಿ ಕಟ್ಕೊಂಡು ಏನಾಗಬೇಕು? ನಿನ್ ತಪ್ಪು ಅಂಗೇ ಇರ್ಲಿ ಬುಡು.”

ಲೋಕೇಶನಿಗೆ ಅವಳ ಕಾಲಿಗೆ ಬೀಳೋಣವೆನಿಸಿತು. ಬೀಳುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಪಕ್ಕದ ಮನೆಯ ರುದ್ರಮ್ಮ.

“ಎಲ್ಲಿಗ್ ಬಂದ್ರಿ ಅಕ್ಕಾ? ಚಳಿ ಐತಾ?”

ಅಶ್ವತ್ಥಮ್ಮ ಸೊಸೆಯ ಮುಖ ನೋಡಿದಳು. ಆ ಮುಖದಲ್ಲಿ ಇಡೀ ಬೀದಿಯ ಮಾನ ನೇತಾಡುತ್ತಿತ್ತು. ಅವಳು ಸರಸರನೆ ಎದ್ದು ಏಸಿ ಹಾಕಿದ್ದ ರಿಸೆಪ್ಷನ್ನಿನೊಳಗೆ ಹೋಗಿ ನಿಂತು, “ಶ್ಯಾನೆ ಚಳಿ ಕಣವ್ವ, ಅಲ್ಲು ಕಟಕಟ ಅಂತಾವೆ,” ಎಂದಳು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ಆ ಮಟ್ಟಿಗೆ ಅದು ನಿಜವೇ ಆಗಿತ್ತು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಗಂಡಾಂತರ ಬಂತು. ಈಜುಕೊಳದ ದಡದಲ್ಲಿ ಕೂತಿದ್ದ ಲೋಕೇಶನಿಗೆ ಅಡುಗೆಮನೆಯ ಹತ್ತಿರ ತರಕಾರಿ ಟೆಂಪೋ ನಿಂತಿದ್ದು ಕಾಣಿಸಿತು. ಮೂಟೆ ಇಳಿಸುತ್ತಿದ್ದವನು ರುದ್ರಮ್ಮನ ಗಂಡ ಗೋಪಾಲಪ್ಪ! ಅವನು ರಿಸಾರ್ಟುಗಳಿಗೆ ತರಕಾರಿ ಹಾಕುತ್ತಾನೆಂಬುದು ಈಗ ನೆನಪಾಯಿತು. ಓಡಲು ಜಾಗವಿರಲಿಲ್ಲ. ಕೈಗೆ ಸಿಕ್ಕಿದ್ದು ಊಟಿಗೆಂದು ತಂದಿದ್ದ ಮಂಕಿ ಕ್ಯಾಪು. ಅದನ್ನು ಮೂಗಿನವರೆಗೆ ಎಳೆದುಕೊಂಡು, ಉರಿಬಿಸಿಲಿನಲ್ಲಿ ಮುದುರಿ ಕೂತ.

ಗೋಪಾಲಪ್ಪ ಅವನನ್ನು ನೋಡಿ ಹತ್ತಿರ ಬಂದ. “ಪಾಪ, ಜ್ವರ ಬಂದೈತಾ ಸಾರ್?”

ಲೋಕೇಶ್ ತಲೆಯಾಡಿಸಿ ಕೆಮ್ಮಿದ. ಗೋಪಾಲಪ್ಪ ಅಡುಗೆಮನೆಗೆ ಹೋಗಿ ಒಂದು ದೊಡ್ಡ ಲೋಟ ಮೆಣಸಿನ ಕಷಾಯ ಮಾಡಿಸಿಕೊಂಡು ಬಂದು ಎದುರಿಗೇ ನಿಂತ. ಕುಡಿಯದೆ ವಿಧಿಯಿರಲಿಲ್ಲ. ಕಿವಿಯಲ್ಲಿ ಹೊಗೆ ಬಂದಂತಾಯಿತು. ಬೆವರು ಟೋಪಿಯೊಳಗಿಂದ ತೊರೆಯಾಗಿ ಇಳಿಯಿತು.

ಖಾಲಿ ಲೋಟ ಇಸಿದುಕೊಂಡು ಗೋಪಾಲಪ್ಪ ಹೇಳಿದ: “ಬತ್ತೀನಿ ಲೋಕೇಶಪ್ಪ. ಊಟಿಯಿಂದ ಬರ್ತಾ ನಮ್ ರುದ್ರಮ್ಮಂಗೆ ನೀಲಗಿರಿ ಎಣ್ಣೆ ತರೋದು ಮರೀಬ್ಯಾಡ. ಚಂದಾಪುರದ ಅಂಗಡೀಲೂ ಸಿಕ್ತದೆ. ನಾನ್ ಏನೂ ನೋಡಿಲ್ಲ, ಯಾರ್ಗೂ ಏಳಾಕಿಲ್ಲ ಬುಡು.”

ದೂರದಲ್ಲಿ ಛತ್ರಿಯ ಕೆಳಗೆ ಕೂತು ಇದೆಲ್ಲವನ್ನೂ ನೋಡುತ್ತಿದ್ದ ವನಜಾ ನಗು ತಡೆಯಲಾರದೆ ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಬಿಗಿದಿದ್ದ ಮುಖ ಸಡಿಲವಾಯಿತು. ಬಂದು ಅವನ ತಲೆಯ ಟೋಪಿ ತೆಗೆದು, ಸೆರಗಿನಿಂದ ಬೆವರೊರೆಸಿದಳು. ಗೋಪಾಲಪ್ಪನಿಗೂ ಅವನ ಮೆಣಸಿಗೂ ಲೋಕೇಶ್ ಜನ್ಮಪೂರ್ತಿ ಋಣಿಯಾದ.

ಸಂಜೆ ಬಿಸಿಲು ಇಳಿದಾಗ ಅವನು ಹುಣಸೆಮರದ ಕೆಳಗೆ ಅಪ್ಪನ ಪಕ್ಕದಲ್ಲಿ ಹೋಗಿ ಕೂತ.

“ಯಾರೂ ಬೈಲಿಲ್ವಲ್ಲಪ್ಪ. ನಾನು ಪುಣ್ಯ ಮಾಡಿದ್ದೆ,” ಎಂದ.

ಚಿಕ್ಕಬೈರಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಲೋ, ಒಂದ್ ಮಾತು ಏಳ್ತೀನಿ. ನಿನ್ ಎಂಡ್ರಿಗೆ ಏಳಬ್ಯಾಡ. ನೀನು ಸರ್ಯಾಗೇ ಮಾಡಿದ್ದೆ ಕಣ್ಲಾ.”

“ಏನು ಸರಿಯಾಗಿ ಮಾಡಿದ್ದೆ?”

“ಊಟಿಗೇ ಬುಕ್ ಮಾಡಿದ್ದೆ. ಫ್ಯಾಕ್ಟ್ರಿ ಒಳಕ್ಕೆ ಫೋನ್ ಬಿಡಾಕಿಲ್ಲ ಅಂತ ನಂಬರ್ ನಂದು ಕೊಟ್ಟಿದ್ದೆಯಲ್ಲ? ರಿಸಾರ್ಟಿನ ಆ ಎಣ್ಮಗ ಫೋನ್ ಮಾಡ್ತು, ‘ಊಟಿ ರೂಮು ಗ್ಯಾರಂಟಿನಾ ತಾತ?’ ಅಂತು. ಊಟಿ ಯಾಕವ್ವ, ನಿಮ್ದೇ ಒಂದು ಆನೇಕಲ್ ತಾವ ಐತಲ್ಲ, ಅದುಕ್ಕೇ ಆಕು ಅಂದೆ. ಆಕ್ತು.”

ಬೆಳಿಗ್ಗೆಯಿಂದ ಪಟ್ಟ ಪಾಡು, ಕುಡಿದ ಕಷಾಯ, ಎಲ್ಲವೂ ಒಟ್ಟಿಗೆ ಲೋಕೇಶನ ಗಂಟಲಿಗೆ ಬಂತು. “ಮೊದ್ಲೇ ಹೇಳೋದಲ್ವಾ ಅಪ್ಪಾ?”

“ಎಷ್ಟೋ ಸಲ ಆ ಗೇಟ್ ತಾವ ಬಂದು ನಿಂತಿದ್ದೆ ಕಣ್ಲಾ. ಬುಕಿಂಗ್ ಇಲ್ದೆ ಬಿಡಾಕಿಲ್ಲ ಅಂತ ವಾಪಸ್ ಕಳಿಸೋರು. ನಾನೇ ಉತ್ತ ಒಲ. ಈ ಮರ ಕಡಿದವ್ರೋ ಇಲ್ವೋ ಅಂತ ಒಂದ್ ಕಿತ ನೋಡ್ಬೇಕಿತ್ತು. ಏಳಿದ್ರೆ ನೀನು ಕರ್ಕೊಂಡ್ ಬತ್ತಿದ್ದಾ?”

ಅಪ್ಪನ ಕೈ ಇನ್ನೂ ಮರದ ಮೇಲೇ ಇತ್ತು. ಇಷ್ಟು ನೆಮ್ಮದಿಯ ಮುಖವನ್ನು ಲೋಕೇಶ್ ಬಹಳ ವರ್ಷಗಳಿಂದ ನೋಡಿರಲಿಲ್ಲ.

ಅಷ್ಟರಲ್ಲಿ ವನಜಾ ಬಂದಳು. “ರೀ, ಇನ್ಮೇಲೆ ನೀವು ಬುಕಿಂಗ್ ಗಿಕಿಂಗ್ ಅಂತ ಕಂಪ್ಯೂಟರ್ ಮುಟ್ಟಿದ್ರೆ ನೋಡಿ. ಮುಂದಿನ ವರ್ಷ ಊಟಿಗೆ ನಾನೇ ಮಾಡ್ತೀನಿ.”

“ಅಂಗೇ ಮಾಡವ್ವ,” ಎಂದ ಚಿಕ್ಕಬೈರಪ್ಪ, ಗಂಭೀರವಾಗಿ. “ಇವನ್ಗೆ ಏನೂ ತಿಳಿಯಾಕಿಲ್ಲ.”

ಲೋಕೇಶ್ ಬಾಯಿ ತೆರೆದ. ಅಪ್ಪನ ಮುಖ ನೋಡಿ ಮುಚ್ಚಿದ. “ತಪ್ಪಾಯ್ತು ವನಜಾ,” ಎಂದ.

“ಸರಿ ಬಿಡಿ,” ಎಂದಳು ಅವಳು. “ಫೋನ್ ನಂಬರ್ ಮಾತ್ರ ಮಾವಂದೇ ಕೊಡ್ತೀನಿ. ಮನೇಲಿ ಜವಾಬ್ದಾರಿ ಇರೋರು ಅಂದ್ರೆ ಅವರೊಬ್ರೇ.”