ಮಾಮಾನ ತಾಜಾ ಅಂದಾಜು

ದೇಶದ ಆರ್ಥಿಕ ಸ್ಥಿತಿ ದಿಲ್ಲಿಯವರಿಗಿಂತ ಮೊದಲು ನಮ್ಮ ಮಾಮಾನಿಗೆ ಗೊತ್ತಾಗುತ್ತದೆ. ತಪ್ಪಾಗಿ ಗೊತ್ತಾಗುತ್ತದೆ, ಆ ಮಾತು ಬೇರೆ.

ಮಾಮಾ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು. ಸರಕಾರದ ಅಂಕಿಸಂಖ್ಯೆ ಎಂದರೆ ಅವರಿಗೆ ತಂಗಳು. "ಹೋದ ಸುಗ್ಗಿ ಸುದ್ದಿ ಈಗ ಹೇಳಿದ್ರ ಏನ್ ಬಂತೋ? ತಾಜಾ ಬೇಕು" ಎನ್ನುತ್ತ ದಿನಾ ಮುಂಜಾನೆ ಬಸ್ ಹತ್ತಿ ಸವಣೂರಿಗೆ ಹೋಗಿ ಪಾನ್ ಅಂಗಡಿಯೆದುರು ನಿಲ್ಲುತ್ತಾರೆ. ಕೆಲಸವಿಲ್ಲದ್ದಕ್ಕೆ ನಾನೂ ಜೊತೆಗಿರುತ್ತೇನೆ. ಹೀಗಾಗಿ ನಿರುದ್ಯೋಗದ ಅಂಕಿ ಅವರ ಬಗಲಲ್ಲೇ ಸಿಗುತ್ತದೆ. ಜನ ಎಲೆಗೆ ಗುಲ್ಕಂದ ಹಾಕಿಸಿಕೊಂಡರೆ ದೇಶ ಏರುಗತಿಯಲ್ಲಿದೆ. ಬರೀ ಸುಣ್ಣ-ಅಡಿಕೆಯಾದರೆ ಹಿಂಜರಿತ. ಒಮ್ಮೆ ಒಬ್ಬಾತ ಗುಲ್ಕಂದ ಬೇಡವೆಂದಾಗ ಮಾಮಾ ಗಾಬರಿಯಿಂದ ವಿಚಾರಿಸಿದರು.

"ಸಕ್ಕರಿ ಬ್ಯಾನಿ ಐತ್ರಿ ಸರ."

ಹಿಂಜರಿತ ಅಲ್ಲಿಗೇ ರದ್ದಾಯಿತು.

ಈ ವರದಿಯೆಲ್ಲ ಯಾರಿಗೆ? ಅತ್ತೆಗೆ. ಅವರದು ಶಿಗ್ಗಾಂವಿ ಬಸ್ ನಿಲ್ದಾಣದೆದುರು ರೊಟ್ಟಿ ಖಾನಾವಳಿ. ಎಂಟಕ್ಕೆ ಫೋನಿನಲ್ಲಿ ಮೊದಲ ಅಂದಾಜು, ಹತ್ತಕ್ಕೆ ಪರಿಷ್ಕೃತ ಅಂದಾಜು, ಮೇಲೊಂದು ಧೋರಣೆ: "ಹಣದುಬ್ಬರ ಕಾಣಾಕತ್ತೈತಿ. ಉಳ್ಳಾಗಡ್ಡಿ ಸಣ್ಣಗ ಹೆಚ್ಚು."

"ನೀವ ಬಂದು ಹೆಚ್ಚರಿ" ಎನ್ನುತ್ತಿದ್ದರು ಅತ್ತೆ, ಮತ್ತು ತಮಗೆ ತೋಚಿದಷ್ಟೇ ಹಿಟ್ಟು ನಾದುತ್ತಿದ್ದರು. ಊರು ನಗಲಿ, ಅತ್ತೆ ತಮ್ಮ ಮಾತು ನಂಬಬೇಕು. ಮಾಮಾನಿಗಿದ್ದ ಆಸೆ ಇದೊಂದೇ.

ಹೋದ ವಾರ ಸಮೀಕ್ಷೆ ದುಂಡಸಿಗೆ ವಿಸ್ತರಿಸಿತು. ಅಲ್ಲಿಂದ ಶಿಗ್ಗಾಂವಿಗೆ ಮರಳುವ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. "ಎಲ್ಲಾರದೂ ಇಸ್ತ್ರಿ ಅಂಗಿ ನೋಡೋ. ಖರೀದಿ ಶಕ್ತಿ ಅಂದ್ರ ಇದು" ಎಂದು ಮಾಮಾ ನನ್ನ ಬೆನ್ನಿಗೆ ಗುದ್ದಿ, ಅತ್ತೆಗೆ ಫೋನ್ ಹಚ್ಚಿ ರೊಟ್ಟಿ ರಾಶಿ ಬಡಿಯಲು ಹೇಳಿದರು. ಆ ದನಿಯಲ್ಲಿ ಏನಿತ್ತೋ, ಅತ್ತೆ ನಂಬಿಬಿಟ್ಟರು! ಪಕ್ಕದ ಮನೆಯ ಹೆಂಗಸರನ್ನೂ ಕರೆದು ಬಡಿದದ್ದೇ ಬಡಿದದ್ದು.

ಬಸ್ಸಿನಿಂದಿಳಿದ ಜನ ಸೀದಾ ಕಲ್ಯಾಣ ಮಂಟಪಕ್ಕೆ ನಡೆದರು.

ಮಾಮಾ ಒಬ್ಬ ಹಿರಿಯರ ಹಿಂದೆ ಓಡಿದರು. "ಊಟಾ ಎಲ್ಲಿ ಮಾಡ್ತೀರಿ?"

"ಮದುವಿ ಮನ್ಯಾಗ್ರಿ ಸರ. ನೀವೂ ಬರ್ರಿ."

ಅತ್ತೆ ಬೈಯಲಿಲ್ಲ. ಖಡಕ್ ಮಾಡಲೆಂದು ರೊಟ್ಟಿಗಳನ್ನು ಒಣಹಾಕುತ್ತ, "ನಿಮ್ಮ ಅಂದಾಜು ಕೆಟ್ರೂ ನನ್ನ ರೊಟ್ಟಿ ಕೆಡಂಗಿಲ್ಲ ಬಿಡ್ರಿ" ಎಂದರು. ಎಲ್ಲರೂ ನಕ್ಕೆವು. ಮಾಮಾ ನಗಲಿಲ್ಲ.

ಮರುದಿನ ಸವಣೂರಿನಲ್ಲಿ ಅವರು ಪಾನ್ ಅಂಗಡಿಗೆ ಬೆನ್ನು ಹಾಕಿ ಕುಳಿತರು. ಎಂಟಾದರೂ ಫೋನು ಕಿಸೆಯಲ್ಲೇ. ನಾನೋ ಎಲ್ಲರ ದನಿ ಅಣಕಿಸುವವನು, ನನ್ನ ಸ್ವಂತ ದನಿ ಕೇಳಿದರೆ ನಮ್ಮವ್ವನೇ "ಯಾರಪಾ ನೀ?" ಎನ್ನುತ್ತಾಳೆ. ಅವರ ಫೋನು ಕಸಿದು, ಅತ್ತೆಗೆ ಹಚ್ಚಿ, ಪಕ್ಕಾ ಮಾಮಾನ ದನಿಯಲ್ಲೇ ಶುರು ಮಾಡಿದೆ: "ಬೇಡಿಕೆ ಏರಾಕತ್ತೈತಿ..."

"ಯಾಕಲೇ ಮಂಗ್ಯಾ, ಅವರೆಲ್ಲಿ?"

"ಹೆಂಗ ಗೊತ್ತಾತು, ಅತ್ತಿ?"

"ಅವರು ಮೊದ್ಲ 'ಚಾ ಕುಡದೇನ?' ಅಂತ ಕೇಳ್ತಾರ. ದೇಶದ ಸುದ್ದಿ ಆಮ್ಯಾಲ." ಆಚೆ ಅತ್ತೆ ತಾಟು ಎಳೆದುಕೊಂಡ ಸದ್ದು. "ಹಿಟ್ಟು ಮುಂದ ಇಟ್ಕೊಂಡು ಕುಂತೇನಿ. ಎಷ್ಟು ನಾದ್ಲಿ ಅಂತ ಅವರನ್ನ ಕೇಳು."

ನಾನು ಫೋನನ್ನು ಮಾಮಾನ ಕಿವಿಗೆ ಹಿಡಿದೆ.