ಹಳ್ಳ ದಾಟಿದ ಕೆಂದಿ, ಕಡಲು ದಾಟಿ ಬಂದ ಪೊಲೀಸರು

ಪವಿತ್ರಾ, ಮಾದೇಶ, ನಿಮ್ಮಜ್ಜಿಗೆ ಆಸ್ಪತ್ರೆಯಲ್ಲಿ ಮದ್ದಿಲ್ಲದ ಒಂದು ಕಾಯಿಲೆಯಿದೆ. ಹೊರಗಿನವರು ಹೇಗಿದ್ದೀರಿ ಎಂದರೆ ಸಾಕು, ಬಾಯಿ ತಾನಾಗಿ 'ಚೆನ್ನಾಗಿದ್ದೀನಿ' ಎಂದುಬಿಡುತ್ತದೆ. ನಿಮ್ಮ ತಾತ ತೀರಿಕೊಂಡ ಮೂರನೆಯ ದಿನ ಮಾತಾಡಿಸಲು ಬಂದ ಮೇಷ್ಟರಿಗೂ ಹಾಗೇ ಹೇಳಿದ್ದೆ. ಪಾಪ, ಅವರು ತಂದಿದ್ದ ಸಮಾಧಾನವನ್ನೆಲ್ಲ ವಾಪಸು ಹೊತ್ತುಕೊಂಡು ಹೋದರು. ಊರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಹಾಜರಿ ಕೂಗಿದಾಗ 'ಬಂದಿದ್ದೀನಿ' ಅನ್ನಲು ನನಗೆ ನಾಚಿಕೆ; ಪಕ್ಕದವಳೇ ನನ್ನ ಪರವಾಗಿ ಕೂಗುತ್ತಿದ್ದಳು.

ಈ ಕಾಯಿಲೆಯಿಂದಾಗಿ ಹೋದ ತಿಂಗಳು ನಮ್ಮ ಕೆಂದಿ ಹಸು ಕೈಬಿಟ್ಟು ಹೋಗುವುದರಲ್ಲಿತ್ತು. ನಮ್ಮೂರ ತೆಂಕಲಿಗೆ ಒಂದು ಹಳ್ಳ, ಅದರಾಚೆ ತಮಿಳುನಾಡು. ಕೆಂದಿ ನಕ್ಷೆ ಓದಿದವಳಲ್ಲ. ಹಳ್ಳ ದಾಟಿ ರಂಗಸಾಮಿ ಎಂಬುವರ ಜೋಳದ ಹೊಲಕ್ಕೆ ನುಗ್ಗಿದಳು. ಅವರು ಹಿಡಿದು ಕಟ್ಟಿಹಾಕಿದರು. ಕೇಳಲು ಹೋದರೆ, "ನಿಮ್ದೇ ಇರ್ಬೌದು ಕಣಮ್ಮಾ. ಆದ್ರೆ ನೆನ್ನೆ ಇನ್ನೊಬ್ಬ ಬಂದು ಅಸ ನಂದೇ ಅಂದ. ಶನಿವಾರದೊಳ್ಗೆ ಪೊಲೀಸ್ ಚೀಟಿ ತನ್ನಿ. ಇಲ್ದಿದ್ರೆ ಅವ್ನೇ ಹೊಡ್ಕಂಡೋಯ್ತಾನೆ" ಎಂದರು. ಆ ಕಡೆಯ ಠಾಣೆಯವರು, ನಿಮ್ಮೂರ ಠಾಣೆಯಲ್ಲಿ ದೂರು ಬರೆಸಿ ತನ್ನಿ ಎಂದರು. ನಮ್ಮ ಕಡೆಯ ದಫೇದಾರರು, "ಅಸ ಆ ರಾಜ್ಯದಲ್ಲಿ ಅದೆ, ದೂರೂ ಅಲ್ಲೇ ಕೊಡ್ಬೇಕು" ಎಂದರು. ಎರಡು ಸಲ ಬಸ್ಸು ಹತ್ತಿ ಇಳಿದೆ. ಮನೆಯಲ್ಲಿ ಇಪ್ಪತ್ತು ದಿನದ ಕರು ಅಂಬಾ ಎನ್ನುತ್ತ ಗೂಟ ಸುತ್ತುತ್ತಿತ್ತು. ಅದರ ಜೊತೆ ನಾನೂ ಸುತ್ತುತ್ತಿದ್ದೆ. ಕೂತರೆ ಏಳಬೇಕು ಎನಿಸುವುದು, ಎದ್ದರೆ ಯಾಕೆ ಎದ್ದೆನೆಂದು ತಿಳಿಯದು. ಒಂದೇ ಪಾತ್ರೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಚಿಕ್ಕತಾಯಿಯನ್ನು ಕರೆದುಕೊಂಡು ನಮ್ಮ ಠಾಣೆಗೆ ಮತ್ತೆ ಹೋದೆ. ಸಾಕ್ಷಿಗಿರಲಿ ಎಂದು ಕೆಂದಿಯ ಹಗ್ಗವನ್ನೂ ಒಯ್ದೆ. ಠಾಣೆಯೋ ಮದುವೆ ಮನೆಯಂತಿತ್ತು. ಬಾಗಿಲಲ್ಲಿ ರಂಗೋಲಿ, ಗುಂಡ್ಲುಪೇಟೆಯಿಂದ ತರಿಸಿದ ಚೆಂಡುಹೂವಿನ ತೋರಣ. ಯಾವುದೋ ದೇಶದಿಂದ ಮೂವರು ಪೊಲೀಸ್ ಅಧಿಕಾರಿಗಳು ಬಂದಿದ್ದರು. ಒಂದು ದೇಶದಲ್ಲಿ ತಪ್ಪು ಮಾಡಿ ಇನ್ನೊಂದಕ್ಕೆ ಓಡಿಹೋದವರನ್ನು ಎರಡೂ ಕಡೆಯವರು ಕೈಜೋಡಿಸಿ ಹಿಡಿಯುವುದು ಹೇಗೆ, ಠಾಣೆಗೆ ಬಂದ ಬಡವರನ್ನು, ಹೆಂಗಸರನ್ನು ಮಾತಾಡಿಸುವುದು ಹೇಗೆ, ಇದನ್ನೆಲ್ಲ ಒಬ್ಬರಿಂದೊಬ್ಬರು ಕಲಿಯುವುದಕ್ಕಂತೆ. ಚಿಕ್ಕತಾಯಿ ನನ್ನ ಪಕ್ಕೆ ತಿವಿದಳು. "ಕಡ್ಲಾಚೆಯಿಂದ ಕಳ್ರ ಇಡ್ಕೊಂಡ್ ಬತ್ತಾರಂತೆ, ಹಳ್ಳದಾಚೆಯಿಂದ ಅಸ ತರಾಕಾಗಲ್ವಾ? ಬಾಯ್ಬುಟ್ಟು ಕೇಳಮ್ಮಿ."

ಅವರಲ್ಲೊಬ್ಬ ಹೆಂಗಸು, ನೆರೆತ ಕೂದಲಿನವರು, ಬಂದು ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಅಷ್ಟು ದೊಡ್ಡ ಅಧಿಕಾರಿ ಪಕ್ಕದಲ್ಲಿ ಕೂತದ್ದಕ್ಕೇ ನನ್ನ ಅರ್ಧ ಮಾತು ಹಾರಿಹೋಯಿತು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಲು ಬಂದಿದ್ದ ಹುಡುಗಿ ಕೇಳಿದಳು: "ನಿಮಗೇನು ತೊಂದರೆ? ಇಲ್ಲಿ ಸರಿಯಾಗಿ ಕೇಳಿಸಿಕೊಂಡರಾ?" ಹಿಂದೆ ದಫೇದಾರರು ಫೋಟೋಕ್ಕೆ ನಿಂತ ಮದುಮಗನಂತೆ ಬೆವರುತ್ತಿದ್ದರು. ನೆಂಟರು ಬಂದಾಗ ಸೋರುವ ಮಾಡಿನ ಕೆಳಗಿಟ್ಟ ಪಾತ್ರೆಯನ್ನೂ ಬಚ್ಚಿಡುವ ಮನೆಯಲ್ಲಿ ಬೆಳೆದವಳು ನಾನು. ಅಷ್ಟು ದೂರದಿಂದ ಬಂದು ನಮ್ಮೂರ ಟೀ ಕುಡಿದವರ ಮುಂದೆ ನಮ್ಮ ಮನೆಯ ಹುಳುಕು ಹೇಳುವುದೇ?

"ಏನೂ ತೊಂದ್ರೆಯಿಲ್ಲ. ಎಲ್ಲಾ ಚೆನ್ನಾಗ್ ನೋಡ್ಕತಾರೆ. ನಿಮ್ದು ಊಟ ಆಯ್ತಾ?" ಎಂದೆ.

ಅವರು ನನ್ನ ಕೈಯಲ್ಲಿದ್ದ ಹಗ್ಗವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಪುಸ್ತಕದಲ್ಲಿ ಏನೋ ಬರೆದುಕೊಂಡು, ನನ್ನ ಕೈ ಕುಲುಕಿ, ಬಂಡೀಪುರ ನೋಡಲು ಹೊರಟುಹೋದರು. ದಾರಿಯುದ್ದಕ್ಕೂ ಚಿಕ್ಕತಾಯಿ ಬಯ್ದಳು. "ಊಟ ಆಯ್ತಾ ಅಂತೆ! ನೀನೇನು ಅವ್ರಿಗೆ ಮುದ್ದೆ ತಿರುವಿಟ್ಟಿದ್ಯಾ?"

ಮನೆಗೆ ಬಂದರೆ ಕರು ಶೀಶೆಯ ಹಾಲನ್ನು ಮೂಸಲಿಲ್ಲ. ನನ್ನ ಹೆಗಲ ಮೇಲಿದ್ದ ತಾಯಿಯ ಹಗ್ಗವನ್ನು ನೆಕ್ಕತೊಡಗಿತು. ನನಗೆ ನಿಲ್ಲಲಾಗಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ, ಠಾಣೆಯ ಮುಂದೆ ಹಾಯುವ ಚಾಮರಾಜನಗರದ ಬಸ್ಸಿಗೆ ಓಡಿದೆ.

ಠಾಣೆಯಲ್ಲಿ ತೋರಣ ಬಿಚ್ಚುತ್ತಿದ್ದರು. "ನೆಂಟ್ರು ಹೋದ್ರಲ್ಲ, ಈಗ ಹೇಳ್ತೀನಿ, ಬರ್ಕಳಿ!" ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಹಸುವಿನ ಬಣ್ಣ, ಮುರಿದ ಎಡಗೊಂಬು, ಕರುವಿನ ಹಸಿವು, ಅವರು ನನ್ನನ್ನು ಎರಡು ಸಲ ಅಲೆಸಿದ್ದು, ಒಂದನ್ನೂ ಬಿಡಲಿಲ್ಲ. ದಫೇದಾರರು ತಲೆ ಕೆರೆದುಕೊಂಡು, "ಬೆಳಗ್ಗೆ ನಮ್ ಮಾನ ಉಳುಸ್ದ್ರಿ, ಈಗ ಕಳೀತಿದ್ದೀರಿ. ಕುಂತ್ಕಳಿ ಕಣವ್ವ" ಎಂದು ದೂರು ಬರೆದುಕೊಂಡರು. ಹರುಕು ತಮಿಳಿನಲ್ಲಿ ಆ ಕಡೆಯ ಠಾಣೆಗೆ ಫೋನೂ ಮಾಡಿದರು. ಎರಡು ರಾಜ್ಯಗಳ ಮಾತುಕತೆ ಒಂದು ಟೀ ಆರುವುದರೊಳಗೆ ಮುಗಿಯಿತು. ಚೀಟಿಯ ಬದಲು ಆ ಫೋನೇ ಸಾಕಾಯಿತು. ಶನಿವಾರ ರಂಗಸಾಮಿ ತಾವೇ ಕೆಂದಿಯನ್ನು ಹಳ್ಳದವರೆಗೆ ಹೊಡೆದುಕೊಂಡು ಬಂದರು. ಕರು ಕುಡಿದ ರಭಸಕ್ಕೆ ಕೆಂದಿಯೇ ತೂರಾಡಿದಳು.

ಇಷ್ಟಾದ ಮೇಲೆ ನಾನು ಬದಲಾಗಿರಬೇಕಲ್ಲವೇ? ಮುಂದಿನ ವಾರ ಯಾವುದೋ ಕಚೇರಿಯ ಹುಡುಗಿ ಫೋನು ಮಾಡಿದಳು. ಠಾಣೆಯ ಸೇವೆಗೆ ಐದಕ್ಕೆ ಎಷ್ಟು ಮಾರ್ಕು ಕೊಡುತ್ತೀರಿ ಅಜ್ಜಿ ಎಂದು ಕೇಳಿದಳು. ದನಿ ಬಹಳ ಮೃದುವಾಗಿತ್ತು. ಐದಕ್ಕೆ ಐದು ಕೊಟ್ಟುಬಿಟ್ಟೆ. ಅದಕ್ಕೇ ಮಕ್ಕಳೇ, ನಡೆದದ್ದನ್ನು ನಡೆದ ಹಾಗೆ ಬರೆದ ಈ ಹಾಳೆಗಳನ್ನು ಇಲಿಗೆ ಸಿಗದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ. ಇವು ಹೋದರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮಜ್ಜಿಯ ಐದು ಮಾರ್ಕು ಮಾತ್ರ ಉಳಿಯುತ್ತದೆ.